ಬೀಳುವ ನಕ್ಷತ್ರವೂ ಕಂಡವರ ಸಾಕ್ಷಿಯೂ

ಸೂರ್ಯನು ಕಡಲಲ್ಲಿ ಮುಳುಗಿ, ದನಕರುಗಳು ಹಟ್ಟಿ ಸೇರಿ, ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಕೆಲವು ಸಾರಿ ಆಕಾಶದಲ್ಲಿ ಒಂದು ದೊಡ್ಡ ಬೆಳಕು ಕಾಣಿಸಿಕೊಳ್ಳುವದುಂಟು. ಅದು ಶುಕ್ರಗ್ರಹಕ್ಕಿಂತಲೂ ಹೆಚ್ಚಾಗಿ ಹೊಳೆದು, ಹಸುರು ಇಲ್ಲವೆ ಕಿತ್ತಳೆ ಬಣ್ಣದ ಬಾಲವನ್ನು ಹಿಂದೆ ಬಿಟ್ಟು, ಅಂಗಳದಲ್ಲಿ ನಿಂತವರ ನೆರಳನ್ನು ನೆಲದ ಮೇಲೆ ಓಡಿಸಿ, ನಾಲ್ಕೈದು ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಕೂಡಲೆ ಬಾಯಿಂದ ಬಾಯಿಗೆ ಮಾತು ಹಬ್ಬುವದು. ಬೈಂದೂರಿನವರು, ಅದು ಮರವಂತೆಯ ಹತ್ತಿರ ಕಡಲಿಗೆ ಬಿತ್ತು ಎನ್ನುವರು. ಕುಂದಾಪುರದವರು, ಇಲ್ಲ, ಕೋಡಿಯ ದಂಡೆಯ ಆಚೆಗೇ ಬಿದ್ದದ್ದು, ನಾವೇ ಕಂಡೆವು ಎನ್ನುವರು. ಬ್ರಹ್ಮಾವರದವರಾದರೋ ಕೋಟದ ಪಡುಕರೆಯ ತೆಂಗಿನ ತೋಟಗಳ ಹಿಂದೆ ಇಳಿಯಿತೆಂದು ಆಣೆ ಇಟ್ಟು ಹೇಳಾರು. ಈ ಮೂರು ಊರಿನವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೆ ಬಿದ್ದ ಸ್ಥಳದ ವಿಷಯದಲ್ಲಿ ಮೂವರ ಮಾತೂ ಸರಿಯಲ್ಲ. ಇದು ಹೇಗೆ ಆಗುವದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಈ ಬೆಳಕಿಗೆ ಉಲ್ಕೆ ಎಂದು ಹೆಸರು; ಸಂಸ್ಕೃತದಲ್ಲಿ ಆ ಮಾತಿಗೆ ಉರಿಯುವ ಕೊಳ್ಳಿ ಎಂಬ ಅರ್ಥವೂ ಇದೆ. ಜನರು ನಕ್ಷತ್ರ ಬಿತ್ತು ಎನ್ನುತ್ತಾರೆ. ಆದರೆ ಯಾವ ನಕ್ಷತ್ರವೂ ಬೀಳುವದಿಲ್ಲ. ಮರುದಿನ ರಾತ್ರಿ ನೋಡಿದರೆ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿಯೇ ಇರುತ್ತವೆ. ನಕ್ಷತ್ರಗಳು ಸೂರ್ಯನಂಥ ಮಹಾ ಗೋಲಗಳು. ಬೀಳುವದಾದರೋ ಕಲ್ಲಿನ ಹರಳು. ಸೂರ್ಯನ ಸುತ್ತಲೂ ಭೂಮಿಯಂತೆಯೇ ತಿರುಗುತ್ತಿರುವ ಲೆಕ್ಕವಿಲ್ಲದ ಕಲ್ಲುಗಳೂ ಧೂಳಿನ ಕಣಗಳೂ ಇವೆ. ಅವುಗಳಲ್ಲಿ ಕೆಲವು ನಮ್ಮ ವಾಯುಮಂಡಲಕ್ಕೆ ನುಗ್ಗುತ್ತವೆ. ಸಾಸಿವೆ ಕಾಳಿನಷ್ಟಿರುವ ಹರಳು ಸಾಧಾರಣವಾದ ಬೀಳುವ ನಕ್ಷತ್ರವಾಗಿ ಕಾಣುವದು. ತೆಂಗಿನಕಾಯಿಯಷ್ಟು ದೊಡ್ಡದಾದ ಕಲ್ಲು ಊರೆಲ್ಲಾ ಬೆರಗಾಗುವಂಥ ಬೆಂಕಿಯ ಉಂಡೆಯಾಗಬಲ್ಲದು.

ಇಷ್ಟು ಚಿಕ್ಕ ಕಲ್ಲಿಗೆ ಅಷ್ಟು ಬೆಳಕು ಎಲ್ಲಿಂದ ಬಂತು ಎಂದು ಕೇಳೀರಿ. ಅದರ ವೇಗದಿಂದಲೇ. ಉಲ್ಕೆಯು ಸೆಕೆಂಡಿಗೆ 11ರಿಂದ 72 ಕಿಲೋಮೀಟರುಗಳ ವೇಗದಲ್ಲಿ ಬರುತ್ತದೆ. ಬೈಂದೂರಿನಿಂದ ಬ್ರಹ್ಮಾವರಕ್ಕೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರು ದೂರವಿದೆ. ಅತಿ ನಿಧಾನವಾದ ಉಲ್ಕೆಯೂ ಆ ದಾರಿಯನ್ನು ಐದು ಸೆಕೆಂಡಿನೊಳಗೆ ಮುಗಿಸೀತು. ಹಾಗೆ ಓಡುವ ಕಲ್ಲಿನ ಮುಂದಿರುವ ಗಾಳಿಯು ಬದಿಗೆ ಸರಿಯಲು ಸಮಯ ಸಿಕ್ಕದೆ ಒತ್ತಲ್ಪಟ್ಟು ಬಲವಾಗಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವದನ್ನು ನೀವೆಲ್ಲರೂ ಬಲ್ಲಿರಿ. ಇದೂ ಹಾಗೆಯೇ, ಆದರೆ ಸಾವಿರಾರು ಪಾಲು ಹೆಚ್ಚು. ಕಲ್ಲಿನ ಮೈ ಕರಗಿ ಆವಿಯಾಗಿ ಹೋಗುವದು. ಆ ಆವಿಯೂ ಕಾದ ಗಾಳಿಯೂ ಕೂಡಿ ಬೆಳಗುವದನ್ನೇ ನಾವು ಕಾಣುವದು. ಹಸುರು ಬಣ್ಣವು ಹೆಚ್ಚಾಗಿ ಕಲ್ಲಿನಲ್ಲಿರುವ ಮೆಗ್ನೀಸಿಯಮ್ ಎಂಬ ಲೋಹದಿಂದ ಬರುತ್ತದೆ. ಕಿತ್ತಳೆ ಬಣ್ಣವು ಸೋಡಿಯಮ್‌ನಿಂದ, ಅಂದರೆ ನಮ್ಮ ಅಡಿಗೆಯ ಉಪ್ಪಿನಲ್ಲಿಯೂ ಇರುವ ವಸ್ತುವಿನಿಂದ.

ಸಂಜೆಯ ಉಲ್ಕೆಗೆ ಒಂದು ವಿಶೇಷವುಂಟು. ಭೂಮಿಯು ಸೂರ್ಯನ ಸುತ್ತಲು ಸೆಕೆಂಡಿಗೆ ಸುಮಾರು 30 ಕಿಲೋಮೀಟರಿನಂತೆ ಓಡುತ್ತಿದೆ. ಗಂಗೊಳ್ಳಿಯಿಂದ ಹೊರಟ ದೋಣಿಯನ್ನು ನೆನಸಿಕೊಳ್ಳಿರಿ: ಅಲೆಗಳು ಮೂತಿಗೆ ರಭಸದಿಂದ ಬಡಿಯುತ್ತವೆ; ಹಿಂಭಾಗಕ್ಕೆ ಬರುವ ಅಲೆಯಾದರೋ ದೋಣಿಯನ್ನು ಬೆನ್ನಟ್ಟಿ ಬರಬೇಕು. ಬೆಳಗಿನ ಜಾವದಲ್ಲಿ ನಾವು ಭೂಮಿಯೆಂಬ ದೋಣಿಯ ಮೂತಿಯ ಕಡೆ ಇದ್ದೇವೆ, ಸಂಜೆಗೆ ಹಿಂಭಾಗದಲ್ಲಿ. ಆದದರಿಂದ ಬೆಳಗಿನ ಜಾವದ ಉಲ್ಕೆಗಳು ಬಹಳ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವವು. ಸಂಜೆಯವು ಕಡಿಮೆ, ಆದರೆ ನಿಧಾನವಾಗಿ, ಎಲ್ಲರೂ ಒಬ್ಬರನ್ನೊಬ್ಬರು ಕರೆದು ತೋರಿಸುವಷ್ಟು ಹೊತ್ತು ಕಾಣುವವು. ಕಲ್ಲು ಪೂರ್ಣವಾಗಿ ಸುಟ್ಟುಹೋಗದೆ ನೆಲಕ್ಕೆ ತಲಪುವ ಸಂಭವವೂ ಇಂಥ ನಿಧಾನದ ಉಲ್ಕೆಗಳಲ್ಲಿಯೇ ಹೆಚ್ಚು.

ಈಗ ಮೂರು ಊರಿನವರ ವಾದಕ್ಕೆ ಬರೋಣ. ಉಲ್ಕೆಯು ಬೆಳಗತೊಡಗುವದು ನೆಲದಿಂದ ಸುಮಾರು 100 ಕಿಲೋಮೀಟರು ಎತ್ತರದಲ್ಲಿ. ದೊಡ್ಡದಾದರೂ ಅದು 20, 30 ಕಿಲೋಮೀಟರು ಎತ್ತರಕ್ಕೆ ಬರುವಷ್ಟರಲ್ಲಿ ವೇಗವನ್ನು ಕಳೆದುಕೊಂಡು ಆರಿಹೋಗುತ್ತದೆ. ನಮ್ಮ ಕೊಡಚಾದ್ರಿಯ ಎತ್ತರ 1,343 ಮೀಟರು; ಅಂಥ ಹದಿನೈದು ಇಪ್ಪತ್ತು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೆ ಬೆಂಕಿ ಆರುವ ಸ್ಥಳ ಸಿಕ್ಕೀತು. ಆದರೆ ಆಕಾಶದಲ್ಲಿ ಮೈಲುಗಲ್ಲುಗಳಿಲ್ಲ. ಕಣ್ಣು ತಾನು ಬಲ್ಲ ತೆಂಗಿನ ಮರವನ್ನೂ ಮನೆಯ ಮಾಡನ್ನೂ ಅಳತೆಗೋಲಾಗಿ ಹಿಡಿದು, ಬೆಳಕು ಅವುಗಳ ಆಚೆ ಮರೆಯಾದ ಕೂಡಲೆ, ಅಲ್ಲಿಯೇ ಬಿತ್ತು ಎಂದು ತೀರ್ಪು ಕೊಡುವದು. ಕಂಡದ್ದು ದಿಕ್ಕು ಮಾತ್ರ. ದೂರವನ್ನು ಸೇರಿಸಿದ್ದು ಮನಸ್ಸು.

ಒಂದು ಲೆಕ್ಕ ಮಾಡೋಣ. ಬೈಂದೂರಿನಲ್ಲಿ ನಿಂತವನು, ಬೆಳಕು ಸರಿಯಾಗಿ ನೈಋತ್ಯದಲ್ಲಿ, ಅಂದರೆ ತೆಂಕಣಕ್ಕೂ ಪಡುವಣಕ್ಕೂ ನಟ್ಟನಡುವೆ ಆರಿತು ಎನ್ನಲಿ. ಬ್ರಹ್ಮಾವರದವಳು, ಸರಿಯಾಗಿ ವಾಯವ್ಯದಲ್ಲಿ, ಬಡಗಣಕ್ಕೂ ಪಡುವಣಕ್ಕೂ ನಡುವೆ ಎನ್ನಲಿ. ಕುಂದಾಪುರವು ಈ ಎರಡೂ ಊರುಗಳ ಹೆಚ್ಚುಕಡಿಮೆ ಮಧ್ಯದಲ್ಲಿದೆ. ಅಲ್ಲಿಯವರು, ನೇರ ಪಡುವಣದಲ್ಲಿ ಎನ್ನಲಿ. ಈಗ ಕಾಗದದ ಮೇಲೆ ಮೂರು ಊರುಗಳನ್ನು ಗುರುತಿಸಿ, ಒಂದೊಂದರಿಂದ ಅವರವರು ಹೇಳಿದ ದಿಕ್ಕಿಗೆ ಗೆರೆ ಎಳೆಯಿರಿ. ಮೂರು ಗೆರೆಗಳೂ ಕುಂದಾಪುರದಿಂದ ಪಡುವಲಾಗಿ ಸುಮಾರು 25 ಕಿಲೋಮೀಟರು ದೂರದಲ್ಲಿ, ನಡುಗಡಲಿನ ಮೇಲೆ ಒಂದನ್ನೊಂದು ಕೂಡುವವು. ಎತ್ತರವೂ ತಿಳಿಯಬೇಕೇ? ಕೈಯನ್ನು ಮುಂದಕ್ಕೆ ನೀಡಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲವು ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮುಚ್ಚುವದು. ಕುಂದಾಪುರದವರು, ಕಡಲ ಅಂಚಿನಿಂದ ನಾಲ್ಕೂವರೆ ಮುಷ್ಟಿ ಮೇಲೆ ಆರಿತು ಎಂದರೆ ಅದು 45 ಡಿಗ್ರಿ. ಆಗ ಎತ್ತರವು ದೂರದಷ್ಟೇ, ಅಂದರೆ 25 ಕಿಲೋಮೀಟರು. ಬೈಂದೂರಿನವನಿಗೂ ಬ್ರಹ್ಮಾವರದವಳಿಗೂ ಅದು ಮೂರೂವರೆ ಮುಷ್ಟಿಯಷ್ಟೇ ಮೇಲೆ ಕಂಡಿರಬೇಕು. ಯಾಕಂದರೆ ಅವರಿಂದ ಅದು ಸುಮಾರು 35 ಕಿಲೋಮೀಟರು ದೂರ. ಹೀಗೆ ಒಬ್ಬನ ಸಾಕ್ಷಿಯಿಂದ ಏನೂ ತಿಳಿಯದೆ ಇದ್ದಲ್ಲಿ, ಮೂವರ ಸಾಕ್ಷಿಯಿಂದ ಸ್ಥಳವೂ ಎತ್ತರವೂ ತಿಳಿದವು. ಇದಕ್ಕೆ ದೊಡ್ಡ ಯಂತ್ರ ಬೇಡ, ಶಾಲೆಯ ಹುಡುಗನ ಕಾಗದವೂ ಸೀಸದ ಕಡ್ಡಿಯೂ ಸಾಕು. 1798ರಲ್ಲಿ ಜರ್ಮನಿಯ ಗೋಟಿಂಗೆನ್ ನಗರದ ಬ್ರಾಂಡೆಸ್, ಬೆಂಟ್ಸೆನ್‌ಬೆರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದೇ ಉಪಾಯದಿಂದ, ಕೆಲವು ಮೈಲಿ ದೂರ ದೂರ ನಿಂತು, ಉಲ್ಕೆಗಳ ಎತ್ತರವನ್ನು ಮೊದಲಾಗಿ ಅಳೆದರು.

ಹಳ್ಳಿಯವರ ಮಾತಿಗೆ ಏನು ಬೆಲೆ ಎಂದು ನಮ್ಮಲ್ಲಿ ಕೆಲವರು ಹಿಂಜರಿಯುವದುಂಟು. ಅಂಥವರು ಈ ಚರಿತ್ರೆಯನ್ನು ಕೇಳಬೇಕು. 1768ರಲ್ಲಿ ಫ್ರಾನ್ಸ್ ದೇಶದ ಲೂಸೆ ಎಂಬ ಹಳ್ಳಿಯಲ್ಲಿ ಆಕಾಶದಿಂದ ಕಲ್ಲು ಬಿತ್ತೆಂದು ರೈತರು ಹೇಳಿದರು. ಪ್ಯಾರಿಸಿನ ವಿದ್ವತ್ಸಭೆಯವರು ಕಲ್ಲನ್ನು ಪರೀಕ್ಷಿಸಿದರು. ಅವರಲ್ಲಿ ಪ್ರಖ್ಯಾತನಾದ ಲವಾಸಿಯೇನೂ ಇದ್ದನು. ಅದು ಸಿಡಿಲು ಬಡಿದ ನೆಲದ ಕಲ್ಲೇ ಹೊರತು ಆಕಾಶದಿಂದ ಬಂದದ್ದಲ್ಲವೆಂದು ಅವರು 1772ರಲ್ಲಿ ತೀರ್ಮಾನಿಸಿದರು. ಆಕಾಶದಲ್ಲಿ ಕಲ್ಲಿಲ್ಲ, ಆದದರಿಂದ ಅಲ್ಲಿಂದ ಬೀಳಲಾರದು ಎಂಬದು ಆ ಕಾಲದ ಪಂಡಿತರ ವಿಚಾರ. 1794ರಲ್ಲಿ ಖ್ಲಾಡ್ನಿ ಎಂಬ ಜರ್ಮನ್ ಪಂಡಿತನು, ಇಂಥ ಕಲ್ಲುಗಳು ಭೂಮಿಯ ಹೊರಗಿನಿಂದಲೇ ಬರುತ್ತವೆಂದು ಪುಸ್ತಕ ಬರೆದಾಗ ಅನೇಕರು ನಕ್ಕರು.

ಆ ಮೇಲೆ ನಮ್ಮ ದೇಶದಲ್ಲಿಯೇ ಒಂದು ಸಂಗತಿ ನಡೆಯಿತು. 1798ನೇ ಡಿಸೆಂಬರ್ 19ರ ಸಂಜೆ ಸುಮಾರು 8 ಗಂಟೆಗೆ ಕಾಶಿಯ ಸುತ್ತಲಿನವರು ಆಕಾಶದಲ್ಲಿ ದೊಡ್ಡ ಬೆಂಕಿಯ ಉಂಡೆಯನ್ನು ಕಂಡು ಗುಡುಗಿನಂಥ ಶಬ್ದವನ್ನು ಕೇಳಿದರು. ಕ್ರಾಖುತ್ ಎಂಬ ಹಳ್ಳಿಯ ಹೊಲಗಳಲ್ಲಿ ನೆಲ ಹೊಸದಾಗಿ ಅಗೆದಂತೆ ಕಂಡಲ್ಲೆಲ್ಲಾ ಜನರು ತೋಡಿ ಕಪ್ಪು ಮೈಯ ಕಲ್ಲುಗಳನ್ನು ತೆಗೆದರು. ಅವುಗಳಲ್ಲಿ ಕೆಲವು ಲಂಡನಿಗೆ ಹೋದವು. ಅಲ್ಲಿ ಹೌವರ್ಡ್ ಎಂಬ ರಸಾಯನ ಪಂಡಿತನು 1802ರಲ್ಲಿ ಇವನ್ನೂ ಇಂಗ್ಲೆಂಡ್, ಇಟಲಿ ಮುಂತಾದ ದೇಶಗಳಲ್ಲಿ ಬಿದ್ದ ಕಲ್ಲುಗಳನ್ನೂ ಹೋಲಿಸಿ, ಎಲ್ಲವುಗಳಲ್ಲಿಯೂ ನಿಕಲ್ ಎಂಬ ಲೋಹವಿದೆಯೆಂದು ತೋರಿಸಿದನು. ಒಬ್ಬರನ್ನೊಬ್ಬರು ಕಾಣದ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ರೈತರು ಒಂದೇ ಬಗೆಯ ಸುಳ್ಳನ್ನು ಹುಟ್ಟಿಸಿ ಅದಕ್ಕೆ ಒಂದೇ ಬಗೆಯ ಕಲ್ಲನ್ನು ಕೂಡಿಸಲು ಸಾಧ್ಯವೇ? ಮರುವರ್ಷ, 1803ನೇ ಏಪ್ರಿಲ್ 26ರಲ್ಲಿ, ಫ್ರಾನ್ಸಿನ ಲೆಗ್ಲ್ ಎಂಬ ಊರಿನ ಸುತ್ತಲೂ ಸುಮಾರು 3,000 ಕಲ್ಲುಗಳು ಬಿದ್ದವು. ಆಗ ಸರಕಾರದವರು ಬಿಯೋ ಎಂಬ ಯುವಕ ಪಂಡಿತನನ್ನು ಕಳುಹಿಸಿದರು. ಅವನು ಹಳ್ಳಿಯಿಂದ ಹಳ್ಳಿಗೆ ಹೋಗಿ, ಕಂಡವರನ್ನು ಬೇರೆ ಬೇರೆಯಾಗಿ ವಿಚಾರಿಸಿ, ಕಲ್ಲು ಸಿಕ್ಕಿದ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದನು. ಅವನ ವರದಿಯ ತರುವಾಯ ಪಂಡಿತರ ಸಂಶಯ ತೀರಿತು. ವಿದ್ವತ್ಸಭೆಯು 30 ವರ್ಷಗಳ ಹಿಂದೆ ತಳ್ಳಿಬಿಟ್ಟಿದ್ದ ರೈತರ ಮಾತೇ ನಿಜವಾಯಿತು.

ನಮ್ಮ ಕರಾವಳಿಯೂ ಈ ಚರಿತ್ರೆಯ ಹೊರಗಿಲ್ಲ. 1866ನೇ ಏಪ್ರಿಲ್ ತಿಂಗಳಲ್ಲಿ ಉಡುಪಿಯ ಸೀಮೆಯಲ್ಲಿ ಒಂದು ಕಲ್ಲು ಆಕಾಶದಿಂದ ಬಿತ್ತು. ಆಗ ನಮ್ಮ ಜಿಲ್ಲೆಯು ಮದ್ರಾಸ್ ಆಧಿಪತ್ಯಕ್ಕೆ ಸೇರಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಮಿಶನಿನ ಹಂಚಿನ ಕಾರ್ಖಾನೆ ಹುಟ್ಟಿ ಒಂದೇ ವರ್ಷವಾಗಿತ್ತು. ಆ ಕಲ್ಲಿನ ತೂಕವು ಮೂರು ಕಿಲೋಗ್ರಾಮಿಗೆ ಮೇಲೆ. ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಇಂದಿಗೂ ಉಡುಪಿ ಎಂಬ ಹೆಸರಿನಿಂದಲೇ ಇದೆ. ಅದರ ಜಾತಿಯನ್ನು ಎಚ್ 5 ಎಂದು ಬರೆಯುತ್ತಾರೆ, ಅಂದರೆ ಕಬ್ಬಿಣವು ಹೆಚ್ಚಾಗಿರುವ ಕಲ್ಲು. ಇಂಥ ಕಲ್ಲುಗಳು ಸುಮಾರು 456 ಕೋಟಿ ವರ್ಷಗಳ ಹಿಂದೆ, ಭೂಮಿಯೂ ರೂಪವಾಗುತ್ತಿದ್ದ ಕಾಲದಲ್ಲಿ ಉಂಟಾದವು. ನಮ್ಮ ಗುಡ್ಡೆಗಳ ಅತಿ ಹಳೆಯ ಬಂಡೆಯೂ ಅದರ ಮುಂದೆ ಎಳೆಯ ಮಗು. ಈಚೆಗೆ, 2008ನೇ ಸೆಪ್ಟೆಂಬರ್ 12ರಲ್ಲಿ, ಕನ್ನಡ ಮಾತಾಡುವವರು ಬಹಳವಾಗಿರುವ ಹೊಸೂರಿನ ಸಮೀಪದ ಸೂಳಗಿರಿಯಲ್ಲಿ 100 ಕಿಲೋಗ್ರಾಮಿಗೂ ಮಿಕ್ಕಿದ ಕಲ್ಲು ಬಿತ್ತು.

ಭಯದ ವಿಷಯವಾಗಿಯೂ ಕೆಲವು ಮಾತು ಹೇಳಲೇಬೇಕು. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗಾಗಿ ಒಂದು ಅಧ್ಯಾಯವನ್ನೇ ಬರೆದು, ಅವುಗಳನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಿಂದ ಬರುವ ಶುಭಾಶುಭಗಳನ್ನು ಹೇಳಿದ್ದಾನೆ. ಸ್ವರ್ಗದಲ್ಲಿ ಪುಣ್ಯ ತೀರಿದವರು ಬೀಳುವ ರೂಪವೇ ಉಲ್ಕೆ ಎಂಬ ನಂಬಿಕೆಯೂ ಅಲ್ಲಿದೆ. ಆದರೆ ನೆರೆಯವರನ್ನು ನೋಡಿ ನಗುವದಕ್ಕೆ ನಮಗೆ ಎಡೆಯಿಲ್ಲ. 1833ನೇ ನವೆಂಬರ್ 13ರ ಬೆಳಗಿನ ಜಾವ ಅಮೇರಿಕದಲ್ಲಿ ಉಲ್ಕೆಗಳು ಮಳೆಯಂತೆ ಸುರಿದಾಗ, ಕ್ರೈಸ್ತರಾದ ಅನೇಕರೇ ಕಡೇ ದಿನ ಬಂತೆಂದು ಗೋಳಾಡಿದರು. ಆ ಮಳೆಯು ಒಂದು ಧೂಮಕೇತು ಬಿಟ್ಟುಹೋದ ಧೂಳಿನಿಂದಾದದ್ದು. ಸುಮಾರು 33 ವರ್ಷಕ್ಕೊಮ್ಮೆ ಅದು ಬಲವಾಗುವದೆಂದು ಪಂಡಿತರು ಲೆಕ್ಕ ಹಾಕಿದ ಪ್ರಕಾರವೇ 1866ನೇ ನವೆಂಬರಿನಲ್ಲಿ ತಿರಿಗಿ ಕಾಣಿಸಿತು. ಗೊತ್ತಾದ ವೇಳೆಗೆ ಬರುವ ವಸ್ತುವು ಯಾರ ಮನೆಯ ಸಾವನ್ನೂ ಯಾವ ಅರಸನ ಸೋಲನ್ನೂ ಸಾರಲಿಕ್ಕೆ ಬರುವದಲ್ಲ.

ಈ ಶಕುನದ ಮಾತು ಬರೀ ಮಾತಾಗಿಯೇ ಉಳಿದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಬೆಳಕು ಕಂಡ ವಾರದಲ್ಲಿ ಹುಟ್ಟಿದ ಕೂಸನ್ನು ಕೇಡಿನ ಕೂಸೆಂದೂ, ಆ ವಾರ ಮನೆಗೆ ಬಂದ ಸೊಸೆಯನ್ನು ಕಾಲ್ಗುಣ ಕೆಟ್ಟವಳೆಂದೂ ಆಡಿಕೊಳ್ಳುವ ನಾಲಿಗೆಗಳು ಯಾವ ಊರಲ್ಲಿ ಇಲ್ಲ? ಒಂದು ಹಸು ಸತ್ತರೂ ಒಂದು ದೋಣಿ ಮಗುಚಿದರೂ ಆ ಬಡವಳ ತಲೆಯ ಮೇಲೆಯೇ ಬರುವದು. ಬೆಳಕು ನಾಲ್ಕು ಸೆಕೆಂಡು ಉರಿಯಿತು. ಮಾತು ಅವಳ ಆಯುಷ್ಯವೆಲ್ಲಾ ಉರಿಯುವದು. ಆಕಾಶದ ಗುರುತುಗಳಿಗೆ ಕಳವಳಪಡಬಾರದೆಂದು ಪ್ರವಾದಿಯು ಎಚ್ಚರಿಸಿದ ಸ್ಥಳವನ್ನು ಯೆರೆಮೀಯನ ಗ್ರಂಥದ 10ನೆಯ ಅಧ್ಯಾಯದ ಆರಂಭದಲ್ಲಿ ಮನೆಯವರೆಲ್ಲರೂ ಕೂಡಿ ಓದಿಕೊಳ್ಳಬಹುದು. ನಮ್ಮ ಸಭೆಗಳ ಮನೆಗಳಲ್ಲಿಯೂ ಈ ಗುಸುಗುಸು ನಡೆಯುವದುಂಟು ಎಂಬದನ್ನು ಹಿರಿಯರು ಮುಚ್ಚಿಡದೆ ನೋಡಬೇಕು.

ನಿಜವಾದ ಅಪಾಯವು ಎಂದಾದರೊಮ್ಮೆ ಉಂಟು. ಅದು ಬೇರೆ ರೀತಿಯದು. 2013ನೇ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರು ಅಗಲದ ಬಂಡೆಯು ಗಾಳಿಯಲ್ಲಿ ಒಡೆಯಿತು. ಅದೇನು ಬೆಳಕೆಂದು ಜನರು ಕಿಟಕಿಗಳಿಗೆ ಓಡಿ ನಿಂತರು. ನಿಮಿಷಕ್ಕೆ ಮೇಲಾದ ಮೇಲೆ ಬಂದ ಗಾಳಿಯ ಹೊಡೆತಕ್ಕೆ ಗಾಜುಗಳು ಪುಡಿಯಾಗಿ ಸುಮಾರು 1,500 ಮಂದಿ ಗಾಯಗೊಂಡರು. ಬೆಳಕು ಮೊದಲು ಬರುತ್ತದೆ, ಶಬ್ದವು ಹಿಂದಿನಿಂದ ನಡೆದು ಬರುತ್ತದೆ. 30 ಕಿಲೋಮೀಟರಿಗೆ ಅದಕ್ಕೆ ಒಂದೂವರೆ ನಿಮಿಷ ಬೇಕು. ಆದಕಾರಣ ಹಗಲಿನಂತೆ ಬೆಳಕಾದರೆ ಗಾಜಿನ ಕಿಟಕಿಯಿಂದ ಮಕ್ಕಳನ್ನು ದೂರ ಇರಿಸಿ, ಐದು ನಿಮಿಷ ಕಿವಿಗೊಟ್ಟು ಕಾಯಿರಿ.

ಕಂಡದ್ದೆಲ್ಲಾ ಉಲ್ಕೆಯೂ ಅಲ್ಲ. 2021ನೇ ಡಿಸೆಂಬರಿನಲ್ಲಿ ನಮ್ಮ ಕರಾವಳಿಯವರು ಸಂಜೆಯ ಆಕಾಶದಲ್ಲಿ ಸರದಂತೆ ಸಾಲಾಗಿ ಹೋಗುವ ದೀಪಗಳನ್ನು ಕಂಡು ಬೆರಗಾದರು. ಅವು ಸ್ಟಾರ್‌ಲಿಂಕ್ ಎಂಬ ಕೃತಕ ಉಪಗ್ರಹಗಳು. 2022ನೇ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದಲ್ಲಿ ಕಂಡ ಉರಿಯುವ ಗೆರೆಗಳು ಚೀನಾ ದೇಶದ ರಾಕೆಟ್ಟಿನ ತುಂಡುಗಳು. ಚಂದ್ರಪುರ ಜಿಲ್ಲೆಯಲ್ಲಿ ಅದರ ದೊಡ್ಡ ಲೋಹದ ಬಳೆಯೇ ನೆಲಕ್ಕೆ ಬಿತ್ತು. ಗುರುತಿಸುವದು ಸುಲಭ: ಉಲ್ಕೆ ಸೆಕೆಂಡುಗಳಲ್ಲಿ ಮುಗಿಯುವದು, ರಾಕೆಟ್ಟಿನ ತುಂಡುಗಳು ನಿಮಿಷದಷ್ಟು ಹೊತ್ತು ಮೆಲ್ಲಗೆ ಸಾಗುವವು, ವಿಮಾನದ ದೀಪ ಮಿಣುಕುವದು, ಶುಕ್ರನು ನಿಂತಲ್ಲಿಯೇ ಇರುವನು.

ಹಾಗಾದರೆ ಬೆಳಕನ್ನು ಕಂಡವರು ಮಾಡಬೇಕಾದದ್ದೇನು? ಮೊದಲು, ನಿಂತ ಸ್ಥಳದಿಂದ ಕದಲಬೇಡಿರಿ. ಬೆಳಕು ಎಲ್ಲಿ ಹುಟ್ಟಿತು, ಎಲ್ಲಿ ಆರಿತು ಎಂಬದನ್ನು ಕಣ್ಣ ಮುಂದಿನ ಮರಕ್ಕೋ ಕಂಬಕ್ಕೋ ಮಾಡಿನ ಮೂಲೆಗೋ ಸರಿಹೊಂದಿಸಿ, ಮುಷ್ಟಿಯಿಂದ ಎತ್ತರವನ್ನು ಅಳೆದು, ಗಳಿಗೆಯನ್ನು ನೋಡಿ, ಬೇರೆಯವರೊಂದಿಗೆ ಮಾತಾಡುವದಕ್ಕೆ ಮುಂಚೆ ಬರೆದಿಡಿರಿ. ಇದು ಮುಖ್ಯ, ಯಾಕಂದರೆ ನಾಲ್ಕು ಮಂದಿ ಮಾತಾಡಿದ ಮೇಲೆ ನಾಲ್ಕು ಸಾಕ್ಷಿಗಳು ಉಳಿಯುವದಿಲ್ಲ, ಗಟ್ಟಿಯಾಗಿ ಮಾತಾಡಿದವನ ಒಂದೇ ಸಾಕ್ಷಿ ಉಳಿಯುವದು. ಕಾಣದೆ ಇದ್ದದ್ದನ್ನು ಕಾಣಲಿಲ್ಲ ಎಂದೇ ಬರೆಯಿರಿ. ಅಂಗಡಿಗಳ ಸಿ.ಸಿ. ಟಿ.ವಿ. ಕ್ಯಾಮರಾದಲ್ಲಿ ಅದು ಬಿದ್ದಿದ್ದರೆ, ಹಳೆಯ ಚಿತ್ರ ಅಳಿದುಹೋಗುವ ಮೊದಲು ಪ್ರತಿ ತೆಗೆಯಲು ಅಂಗಡಿಯವರನ್ನು ಕೇಳಿಕೊಳ್ಳಿರಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಆಕಾಶವೀಕ್ಷಕರ ಸಂಘವಿದೆ, ಅವರಿಗೆ ತಿಳಿಸಬಹುದು.

ಕಲ್ಲು ಸಿಕ್ಕಿತೆಂದು ತರುವವರೂ ಇದ್ದಾರೆ. ಹೆಚ್ಚಾಗಿ ಅದು ನಮ್ಮ ಮುರಕಲ್ಲಿನ ಗಟ್ಟಿ ತುಂಡು ಇಲ್ಲವೆ ಹಳೆಯ ಕುಲುಮೆಯ ಕಿಟ್ಟ. ಮುರಕಲ್ಲಿನಲ್ಲಿಯೂ ಕಿಟ್ಟದಲ್ಲಿಯೂ ತೂತುಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಸಾಧಾರಣವಾಗಿ ತೂತುಗಳಿಲ್ಲ. ಅದರ ಹೊರಮೈ ಮೊಟ್ಟೆಯ ಸಿಪ್ಪೆಯಂಥ ತೆಳುವಾದ ಕಪ್ಪು ಪದರ. ಒಡೆದಲ್ಲಿ ಬೂದು ಬಣ್ಣ, ನಡುನಡುವೆ ಹೊಳೆಯುವ ಲೋಹದ ಕಣಗಳು. ಗಾತ್ರಕ್ಕೆ ಮೀರಿದ ಭಾರ. ಅದು ಹುಲ್ಲಿಗೆ ಬೆಂಕಿ ಹಚ್ಚುವದೆಂಬದು ಸುಳ್ಳು: ಬೆಳಕು ಆರಿದ ಮೇಲೆ ಕೆಲವು ನಿಮಿಷ ಕತ್ತಲಲ್ಲಿ ತಣ್ಣಗಿನ ಗಾಳಿಯೊಳಗೆ ಇಳಿದು ಬರುವದರಿಂದ ಬಿದ್ದ ಕೂಡಲೆ ಮುಟ್ಟಿದರೂ ಸಾಮಾನ್ಯವಾಗಿ ಸುಡುವದಿಲ್ಲ. ಅಂಥದ್ದು ಸಿಕ್ಕಿದರೆ ತೊಳೆಯಬೇಡಿರಿ, ಸುತ್ತಿಗೆಯಿಂದ ಒಡೆಯಬೇಡಿರಿ, ಅಯಸ್ಕಾಂತ ತಾಗಿಸಬೇಡಿರಿ. ಕಲ್ಲು ತನ್ನೊಳಗೆ ಹೊತ್ತು ತಂದ ಹಳೆಯ ಕಾಂತಶಕ್ತಿಯ ಗುರುತು ಅದರಿಂದ ಅಳಿದುಹೋಗುವದು. ಶುಚಿಯಾದ ಕಾಗದದಲ್ಲಿ ಸುತ್ತಿ, ಸಿಕ್ಕಿದ ಸ್ಥಳವನ್ನು ಬರೆದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸತಕ್ಕದ್ದು. ದೇಶದಲ್ಲಿ ಬಿದ್ದ ಇಂಥ ಕಲ್ಲುಗಳನ್ನು ಕಾಪಾಡುವ ಕೆಲಸ ಅವರದು.

ಮುಷ್ಟಿಯ ಅಳತೆಯನ್ನು ಇಂದೇ ರೂಢಿಮಾಡಿಕೊಳ್ಳಬಹುದು. ಮೋಡವಿಲ್ಲದ ರಾತ್ರಿ ಬಡಗಣಕ್ಕೆ ತಿರುಗಿ ನೋಡಿದರೆ, ನಮ್ಮ ಮೂರು ಊರುಗಳಿಂದಲೂ ಧ್ರುವ ನಕ್ಷತ್ರವು ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಮೂರು ನಾಲ್ಕು ಡಿಗ್ರಿ ಮಾತ್ರ ಎತ್ತರದಲ್ಲಿರುವದು. ಆಗಸ್ಟ್ ತಿಂಗಳ ಉಲ್ಕಾವೃಷ್ಟಿಯನ್ನು ನಮ್ಮ ಮಳೆಗಾಲದ ಮೋಡಗಳು ಮರೆಮಾಡುತ್ತವೆ. ಡಿಸೆಂಬರ್ 13, 14ರದ್ದಾದರೋ ತಿಳಿಯಾದ ಆಕಾಶದಲ್ಲಿ, ರಾತ್ರಿ 9 ಗಂಟೆಯ ನಂತರ ಮೂಡಣದಿಂದ ಚೆನ್ನಾಗಿ ಕಾಣುವದು. ಬೈಂದೂರು, ಕುಂದಾಪುರ, ಬ್ರಹ್ಮಾವರ ಈ ಮೂರು ಕಡೆಯ ಯುವಕ ಯುವತಿಯರು ಆ ರಾತ್ರಿ ತಮ್ಮ ತಮ್ಮ ಅಂಗಳದಲ್ಲಿ ಚಾಪೆ ಹಾಕಿ, ಗಡಿಯಾರಗಳನ್ನು ಮೊದಲೇ ಸರಿಹೊಂದಿಸಿ, ಕಂಡದ್ದನ್ನು ಬರೆದು, ಮುಂದಿನ ಭಾನುವಾರ ಮೂರು ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಗೆರೆ ಎಳೆದು ನೋಡಲಿ.